ಹಾಫ್ ಅಂದ್ರ ಎಷ್ಟು, ಕಂಡಕ್ಟರ್ ಸಾಹೇಬ್ರ?

ದೇವರು ನನಗೆ ಇಂಗ್ಲಿಷ್ ಹೆಚ್ಚು ಕಲಿಸಲಿಲ್ಲ. ಆದರೆ ಒಂದೇ ಒಂದು ಮಾತನ್ನು ಮೂವತ್ತು ವರ್ಷ ದಿನಾ ನನ್ನ ಕಿವಿಗೆ ಹಾಕಿ, ಅದರ ಅರ್ಥ ಇಷ್ಟೇ ಅಂತ ಯಾವತ್ತೂ ತಿಳಿಸದೆ ನಗುತ್ತ ಕುಳಿತ. ಆ ಮಾತು ಹಾಫ್. ಹಾಫ್ ಅಂದರೆ ಅರ್ಧ ಅಂತ ಸಾಲಿಯಲ್ಲಿ ಕಲಿತಿದ್ದೆ. ಮಹಾರಾಷ್ಟ್ರದ ಸರ್ಕಾರಿ ಎಸ್‌ಟಿ ಬಸ್ಸಿನ ಕಂಡಕ್ಟರ್ ಆದ ಮೇಲೆ ತಿಳಿಯಿತು, ಅದು ಅಷ್ಟು ಸರಳ ಇಲ್ಲ. ಮಕ್ಕಳಿಗೆ ಹಾಫ್, ವಯಸ್ಸಾದವರಿಗೆ ಹಾಫ್, ಈಗೀಗ ಹೆಣ್ಣುಮಕ್ಕಳಿಗೆಲ್ಲ ಹಾಫ್. ಸೋಲಾಪುರ ಸ್ಟ್ಯಾಂಡಿನಲ್ಲಿ ಗಾಡಿ ಹತ್ತಿ ಬೆಲ್ ಹೊಡೆದರೆ ಸಾಕು, ಯಾವುದೋ ಒಂದು ಸೀಟಿನಿಂದ ಒಂದು ಹಾಫ್ ಎದ್ದು ಬಂದು ನನ್ನೆದುರು ನಿಲ್ಲುತ್ತಿತ್ತು.

ಇದರಲ್ಲಿ ನನಗೊಂದು ಅಂಜಿಕೆಯೂ ಇತ್ತು. ನೌಕರಿ ಸಿಕ್ಕ ದಿನ ನಮ್ಮವ್ವ ನನ್ನನ್ನು ಅಕ್ಕಲಕೋಟೆಗೆ ಕರೆದುಕೊಂಡು ಹೋಗಿ, ಆಲದ ಮರದ ಗುಡಿಯಲ್ಲಿ ಸ್ವಾಮಿ ಮಹಾರಾಜರ ಮುಂದೆ ನಿಲ್ಲಿಸಿ ಕೈಮುಗಿದಿದ್ದಳು. ನನ್ನ ಮಗನ ಮೇಲೆ ಒಬ್ಬರೂ ತಕ್ರಾರು ಬರೆಯದಂತೆ ನೌಕರಿ ದಾಟಿಸು, ದಾಟಿದ ದಿನ ನನ್ನ ಕೈಯಾರೆ ಹೋಳಿಗೆ ಮಾಡಿ ನಿನಗೆ ತರ್ತೀನಿ ಅಂತ ಹರಕೆ ಹೊತ್ತಳು. ಬಸ್ಸಿನಲ್ಲಿ ಒಂದು ತಕ್ರಾರ ವಹಿ, ಅಂದರೆ ದೂರು ಬರೆಯುವ ಪುಸ್ತಕ ಇರುತ್ತದೆ. ಯಾವ ಪ್ರವಾಸಿ ಕೇಳಿದರೂ ಕೊಡಬೇಕು, ಅವರು ಬರೆದದ್ದು ನೇರ ಮೇಲಿನವರಿಗೆ ಹೋಗುತ್ತದೆ. ಅವ್ವನಿಗೆ ಈಗ ಎಂಬತ್ತು ದಾಟಿದೆ. ಡ್ಯೂಟಿ ಮುಗಿಸಿ ಮನೆಗೆ ಬಂದರೆ ಚಹಾ ಕೇಳುವ ಮೊದಲು ಅವಳ ಪ್ರಶ್ನೆ ಒಂದೇ: "ಇವತ್ತ ಯಾರರೆ ಬರದ್ರೇನೋ?" ಇಲ್ಲ ಅಂದರೆ ದೇವರ ಫೋಟೋದ ಕಡೆ ನೋಡಿ ಸುಮ್ಮನಾಗುತ್ತಿದ್ದಳು.

ನಾನು ಈಗ ಬರೆಯುವುದೆಲ್ಲ ನೌಕರಿಯ ಕಡೆಯ ಎರಡು ವರ್ಷದ ಮಾತು. ದಡ ಕಾಣುತ್ತಿತ್ತು, ಹಾಫ್ ಮಾತ್ರ ಬೆನ್ನು ಬಿಟ್ಟಿರಲಿಲ್ಲ.

ಜಡೆಯ ಹಾಫ್

ಒಂದು ಗುರುವಾರ ಮುಂಜಾನೆ ಸೋಲಾಪುರದಿಂದ ಅಕ್ಕಲಕೋಟೆಗೆ ಒಂದು ಕುಟುಂಬ ಹತ್ತಿತು. ಒಬ್ಬ ಅಜ್ಜಿ, ಆಕೆಯ ಮಗಳು, ಮಿಲ್ಟ್ರಿಯಲ್ಲಿದ್ದು ರಜೆಗೆ ಬಂದ ಮಗ, ಜತೆಗೆ ಉದ್ದ ಜಡೆ ಹೆಣೆದು ಅಬ್ಬಲಿಗೆ ಮುಡಿದ ಒಂದು ಹುಡುಗಿ. ಹುಡುಗಿ ಪ್ಯಾಂಟು ಶರ್ಟು ಹಾಕಿತ್ತು, ಈಗಿನ ಕಾಲದಲ್ಲಿ ಅದೇನು ದೊಡ್ಡದಲ್ಲ. ಮಿಲ್ಟ್ರಿಯವನಿಗೆ ಒಂದು ಫುಲ್, ಹೆಣ್ಣುಮಕ್ಕಳಿಗೆ ಮೂರು ಹಾಫ್ ಕೊಟ್ಟೆ. ಅವರೂ ಏನೂ ಅನ್ನಲಿಲ್ಲ.

ಸಂಜೆ ತಿರುಗಿ ಬರುವಾಗ ಅದೇ ಕುಟುಂಬ ನಮ್ಮ ಗಾಡಿಗೇ ಹತ್ತಿತು. ಅಜ್ಜಿ ಇದ್ದಳು, ಮಗಳಿದ್ದಳು, ಮಿಲ್ಟ್ರಿಯವನಿದ್ದ, ಹಣೆಗೆ ಗಂಧ ಹಚ್ಚಿಕೊಂಡ ಬೋಳುತಲೆಯ ಹುಡುಗ ಒಬ್ಬ ಇದ್ದ. ಹುಡುಗಿ ಇರಲಿಲ್ಲ. ಗಾಡಿ ಆಗಲೇ ಊರು ದಾಟುತ್ತಿತ್ತು. ಜಾತ್ರೆ ಜಂಗುಳಿಯಲ್ಲಿ ಮಕ್ಕಳು ತಪ್ಪಿಸಿಕೊಳ್ಳುವುದನ್ನು ಎಷ್ಟೋ ಸಲ ಕಂಡವನು ನಾನು. ಒಂದೇ ಸಮನೆ ಬೆಲ್ಲಿನ ಹಗ್ಗ ಜಗ್ಗಿ ಗಾಡಿ ನಿಲ್ಲಿಸಿದೆ. ಹುಡುಗಿ ಅಲ್ಲೇ ಉಳಿದಾಳ, ಇಳಿರಿ, ಹುಡುಕೂಣು ಅಂದೆ. ಇಡೀ ಗಾಡಿ ಎದ್ದು ನಿಂತಿತು. ಬೋಳುತಲೆಯವನು ನಾಚಿಕೊಂಡು ತಲೆ ಸವರಿಕೊಂಡ.

ಆಮೇಲೆ ತಿಳಿಯಿತು, ಮುಂಜಾನೆಯ ಜಡೆ ಇವನದೇ. ಹುಡುಗನ ಜಾವಳ, ಅಂದರೆ ಮೊದಲ ಸಲ ಕೂದಲು ತೆಗೆಸುವುದು, ಅಕ್ಕಲಕೋಟೆಯಲ್ಲೇ ಎಂದು ಹರಕೆ. ಆಗ ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳಲೇಬೇಕು. ಮಾವನಿಗೆ ರಜೆ ಸಿಕ್ಕಾಗ ಮನೆಯಲ್ಲಿ ಸೂತಕ, ಮನೆ ಸರಿ ಇದ್ದಾಗ ಮಾವ ಗಡಿಯಲ್ಲಿ. ಹಿಂಗೆ ಮಾಡುತ್ತ ಹುಡುಗನಿಗೆ ಹದಿಮೂರು ನಡೆದಿತ್ತು. ಮಾವ ಪಾಪ ಒಂದು ತಾಸು ಅವನನ್ನು ಹೊತ್ತು ಕುಳಿತು ಈಗ ಎರಡೂ ತೊಡೆ ಒತ್ತಿಕೊಳ್ಳುತ್ತಿದ್ದ.

ಹನ್ನೆರಡು ದಾಟಿದ ಗಂಡುಹುಡುಗನಿಗೆ ಫುಲ್ ಅಂತ ನಾನು ಮೆತ್ತಗೆ ಹೇಳಿದೆ. ಮುಂಜಾನೆಯ ತಪ್ಪು ನನ್ನದು, ಅದನ್ನ ನಾನು ನೋಡಿಕೊಳ್ತೀನಿ, ಈಗ ಫುಲ್ ತಗೊಳ್ರಿ ಅಂದೆ. ಅಜ್ಜಿ ನನ್ನನ್ನೇ ನೋಡುತ್ತ ಕೇಳಿದಳು:

"ನಾವು ದೇವರಿಗೆ ಕೂದಲಾ ಅಷ್ಟ ಕೊಟ್ಟೀವಿ, ಹುಡುಗ ಅಂವ ಅದಾನ. ಮುಂಜಾನಿ ಅರ್ಧ ಇದ್ದಾಂವ, ಬೋಳಿಸಿದ ಮ್ಯಾಲ ಇಡೀ ಹೆಂಗ ಆದ?"

ಎರಡು ಹಾಫ್ ಕೂಡಿದರೆ

ಇದು ಸಣ್ಣದು. ಹೆಗಲಿಗೆ ಚೀಲ, ಕೊರಳಿಗೆ ಸರಪಣಿಯ ಕನ್ನಡಕ ಹಾಕಿಕೊಂಡ ಒಬ್ಬರು ತಾಯಿ ಹತ್ತಿದರು. ಅರವತ್ತೈದು ದಾಟಿದ ಕಾರ್ಡು ತೋರಿಸಿದರು. ಹೆಂಗಸು ಅಂತ ಒಂದು ಹಾಫ್ ಸವಲತ್ತು ಐತಿ ಹೌದಲ್ರಿ, ಅಂದರು. ಹೌದ್ರಿ ಅಂದೆ. ವಯಸ್ಸಾದವರು ಅಂತ ಇನ್ನೊಂದು ಹಾಫ್ ಐತಿ ಹೌದಲ್ರಿ, ಅಂದರು. ಅದೂ ಹೌದ್ರಿ ಅಂದೆ.

"ಹಂಗಾದ್ರ ಎರಡು ಹಾಫ್ ಬಿಟ್ಟಿರಿ. ಉಳದದ್ದು ಎಷ್ಟು?"

ಎಷ್ಟೇ ಸವಲತ್ತು ಇದ್ದರೂ ಮಷೀನು ಒಂದೇ ಹಾಫ್ ತಿಳಿಯತೈತ್ರಿ ತಾಯಿ ಅಂದೆ. ಅವರು ಸಿಟ್ಟಾಗಲಿಲ್ಲ. ನಲವತ್ತು ವರ್ಷ ಗಣಿತ ಕಲಿಸಿದವರಂತೆ. ಸುಮ್ಮನೆ ಹಾಫ್ ತಿಕೀಟು ಇಸಿದುಕೊಂಡು, ನನ್ನ ಕೈಯಲ್ಲಿದ್ದ ಮಷೀನಿನ ಕಡೆ ಕನಿಕರದಿಂದ ನೋಡಿ, "ಇದನ್ನ ಎರಡನೇ ಇಯತ್ತೆದಾಗ ಫೇಲ್ ಮಾಡಬೇಕಿತ್ತು," ಅಂದರು.

ಜೂನ್ ಒಂದು

ವಾಗದರಿಯಿಂದ ಅಕ್ಕಲಕೋಟೆಗೆ ಬರುವ ಮುಂಜಾನೆ ಗಾಡಿ. ಐದು ಮಂದಿ ಹಿರಿಯರು ಒಗೆದ ಧೋತರ, ಬಿಳೇ ಟೋಪಿ ಹಾಕಿಕೊಂಡು ಮದುವೆಗೆ ಹೊರಟವರ ಹಾಗೆ ಹತ್ತಿದರು. ಒಬ್ಬೊಬ್ಬರ ಕೈಯಲ್ಲೂ ಕಾರ್ಡು. ಮೊದಲಿನವರು ಲಗ್ನಪತ್ರಿಕೆ ಕೊಡುವ ಹಾಗೆ ಎರಡೂ ಕೈಯಿಂದ ಮುಂದೆ ಹಿಡಿದು ಹಾಫ್ ಅಂದರು. ನೋಡಿದೆ. ಹುಟ್ಟಿದ ದಿನ ಜೂನ್ ಒಂದು, ಅವತ್ತಿಗೇ ಅರವತ್ತೈದು. ಎರಡನೆಯವರದೂ ಜೂನ್ ಒಂದು. ಮೂರು, ನಾಲ್ಕು, ಎಲ್ಲವೂ ಜೂನ್ ಒಂದು, ವರ್ಷವೂ ಒಂದೇ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಆಗಿನ ತಾಯಂದಿರಿಗೆ ಮಗ ಹುಟ್ಟಿದ್ದು ಜೋಳ ಕೊಯ್ಯುವಾಗ, ಇಲ್ಲವೇ ಶೀಗಿ ಹುಣ್ಣಿಮೆಯ ಮರುದಿನ ಅಂತ ನೆನಪಿರುತ್ತಿತ್ತೇ ಹೊರತು ತಾರೀಖಲ್ಲ. ಸಾಲಿಗೆ ಹಚ್ಚುವಾಗ ಮಾಸ್ತರರು ಎಲ್ಲರಿಗೂ ಜೂನ್ ಒಂದು ಬರೆದುಬಿಡುತ್ತಿದ್ದರು. ಹಿಂಗಾಗಿ ನಮ್ಮ ಹಳ್ಳಿಗಳಲ್ಲಿ ಒಂದು ಪೀಳಿಗೆಯೇ ಒಂದೇ ದಿನ ಹುಟ್ಟಿದೆ, ಒಂದೇ ದಿನ ಮುದುಕಾಗುತ್ತದೆ.

ಐದನೆಯವರ ಕಾರ್ಡು ನೋಡಿದೆ. ಜೂನ್ ಒಂದೇ, ಆದರೆ ಒಂದು ವರ್ಷ ಕಮ್ಮಿ. ನಿಮಗ ಫುಲ್ ಆಗತೈತ್ರಿ ಅಂದೆ. ಅವರ ಮುಖ ನೋಡಲಾರದಾಯಿತು. ಐವರಲ್ಲಿ ಖರೇ ಹಿರಿಯರು ಅವರೇ ಅಂತೆ. ಎಮ್ಮೆ ಕಾಯುತ್ತ ಉಳಿದು ಆ ನಾಲ್ವರಿಗಿಂತ ಒಂದು ವರ್ಷ ತಡವಾಗಿ ಸಾಲಿಗೆ ಹೋದದ್ದಕ್ಕೆ ಮಾಸ್ತರರ ಲೆಕ್ಕದಲ್ಲಿ ಸಣ್ಣವರಾದರು. ಇವರು ತೊಟ್ಟಿಲದಾಗ ಅಳುವಾಗ ನಾ ತೂಗೀನ್ರಿ ಅಂತ ನಾಲ್ವರ ಕಡೆ ಬೆರಳು ಮಾಡಿದರು. ನಾಲ್ವರು ಕಿಟಕಿಯಾಚೆ ನೋಡುತ್ತ ಕುಳಿತರು.

"ತಕ್ರಾರ ವಹಿ ತಗೀರಿ," ಅಂದರು ಅವರು.

ಮನಸ್ಸಿನಲ್ಲೇ ಸ್ವಾಮಿಯ ನಾಮ ಹೇಳುತ್ತ ವಹಿ ಕೊಟ್ಟೆ. ಪೆನ್ನು ತೆಗೆದು, ಸಾಲಿ ಮಾಸ್ತರರ ಹೆಸರು ಎಲ್ಲಿ ಬರೀಬೇಕು ಅಂತ ಕೇಳಿದರು. ಈ ವಹಿಯಾಗ ಕಂಡಕ್ಟರ್, ಡ್ರೈವರ್ ಅಷ್ಟ ಬರತಾರ್ರಿ ಅಂದೆ. ಅವರು ವಹಿ ಮಡಚಿದರು. ನಿಮ್ಮದೇನು ತಪ್ಪಿಲ್ಲ ಬಿಡ್ರಿ, ಅಂತ ಫುಲ್ ತಗೊಂಡರು.

ಮುಂದಿನ ಊರಲ್ಲಿ ಗಾಡಿ ತುಂಬಿತು. ಬಗಲಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಕೂಡಲೇ ನಾಲ್ವರಲ್ಲಿ ಒಬ್ಬರು ಐದನೆಯವರ ಭುಜ ತಟ್ಟಿದರು.

"ಏಳು ತಮ್ಮಾ. ನಮಗೆಲ್ಲಾ ವಯಸ್ಸಾಗೈತಿ, ನಿಂತ್ರ ಮೊಣಕಾಲ ನೋಯತಾವ."

ಐವರಲ್ಲಿ ಎಲ್ಲರಿಗಿಂತ ಹಿರಿಯ ಮುತ್ಯಾ ಅಕ್ಕಲಕೋಟೆಯ ತನಕ ಕಂಬಿ ಹಿಡಿದು ನಿಂತೇ ಬಂದರು. ಹಾಫ್ ತಿಕೀಟಿನವರಿಗೆ ಇಡೀ ಸೀಟು, ಫುಲ್ ತಿಕೀಟಿನವರಿಗೆ ಅರ್ಧ ಕಂಬಿ.

ಕಂದಲಗಾಂವದ ಜೋಡಿ

ಹೆಣ್ಣುಮಕ್ಕಳಿಗೆ ಹಾಫ್ ಆದ ಹೊಸದರಲ್ಲಿ ನಾನು ಕೆಲವು ತಿಂಗಳು ಕಂದಲಗಾಂವದ ಗಾಡಿಯಲ್ಲಿದ್ದೆ. ಅಲ್ಲೊಬ್ಬರು ರೈತರು ಬಹಳ ಲೆಕ್ಕಾಚಾರದವರು. ಅಲ್ಲಿಯವರೆಗೆ ಸೋಲಾಪುರದ ಕೆಲಸ ಏನಿದ್ದರೂ ಅವರದೇ. ಅದು ಗಂಡಸರ ಕೆಲಸ ಅಂತ ಮೀಸೆ ತಿರುವುತ್ತಿದ್ದರು. ಹಾಫ್ ಆದ ವಾರವೇ ಹೆಂಡತಿಯನ್ನು ಒಬ್ಬಳನ್ನೇ ಗಾಡಿ ಹತ್ತಿಸಿದರು. ಬೀಜ ತರಲು ಆಕೆ, ಬ್ಯಾಂಕಿಗೆ ಆಕೆ, ಮಗನ ದಾಖಲೆ ಕಾಗದಕ್ಕೆ ಆಕೆ, ಸುಟ್ಟ ಮೋಟರಿನ ರಿಪೇರಿಗೂ ಆಕೆ.

ಮೊದಲ ಸಲ ಆ ತಾಯಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಬ್ಯಾಂಕ್ ಯಾವ ಕಡೆ ಬರತೈತ್ರಿ ಅಣ್ಣಾ ಅಂತ ನನ್ನನ್ನು ಕೇಳಿದ್ದರು. ಮೂರು ತಿಂಗಳಿಗೆ, ಯಾವ ಕಚೇರಿಯ ಕ್ಲರ್ಕು ಎಷ್ಟು ಹೊತ್ತಿಗೆ ಚಹಾಕ್ಕೆ ಹೋಗುತ್ತಾನೆ ಅನ್ನುವುದನ್ನು ಅವರೇ ನನಗೆ ಹೇಳತೊಡಗಿದರು. ಮೋಟರ್ ರಿಪೇರಿಯವನು ಬೇರೆ ಗಿರಾಕಿಗಳನ್ನು ಬಿಟ್ಟು ಅವರಿಗೆ ಸ್ಟೂಲು ಕೊಡುತ್ತಿದ್ದನಂತೆ.

ಒಂದು ದಿನ ಗಂಡ ಹೆಂಡತಿ ಇಬ್ಬರೂ ಬಂದರು. ತಾಯಿ ಮುಂದೆ, ರೈತರು ಎರಡು ಖಾಲಿ ಚೀಲ ಹಿಡಿದು ಹಿಂದೆ. ಎಲ್ಲಿ ಇಳಿಯುವುದು ಅಂತ ರೈತರೇ ಹೆಂಡತಿಯನ್ನು ಕೇಳಿದರು. ಆಕೆಗೆ ಹಾಫ್, ಅವರಿಗೆ ಫುಲ್ ಹರಿದೆ. ರೈತರು ಎರಡೂ ತಿಕೀಟು ಪಕ್ಕಪಕ್ಕ ಹಿಡಿದು ನೋಡಿ, ನನ್ನ ಕಿವಿಯ ಹತ್ತಿರ ಬಾಗಿ, ಗಂಡಸರಿಗೆ ಹಾಫ್ ಯಾವಾಗ ಆಗತೈತ್ರಿ ಅಂದರು. ಅರವತ್ತೈದಕ್ಕೆ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸೀಟಿನಿಂದ, ತಿರುಗಿಯೂ ನೋಡದೆ, ಉತ್ತರ ಬಂತು:

"ಮನ್ಯಾಗಿನ ಕೆಲಸಾ ಹಾಫ್ ಹೊತ್ತ ದಿವಸ."

ಪಂಕ್ತಿಯಲ್ಲಿ

ನನಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಊಟ ಅರ್ಧ ಮಾಡಿರಿ ಅಂದಿದ್ದರು. ಅಕ್ಕಲಕೋಟೆಯಲ್ಲಿ ಗಾಡಿ ನಿಲ್ಲುವುದು ಸ್ವಲ್ಪೇ ಹೊತ್ತು. ಒಂದು ಮಧ್ಯಾಹ್ನ ಪ್ರಸಾದಕ್ಕೆ ಓಡಿದೆ. ಬಡಿಸುವ ಸೇವೆಗೆ ನಿಂತ ಭಕ್ತರು ದೊಡ್ಡ ಸೌಟಿನಲ್ಲಿ ಅನ್ನ ತಂದರು. ಹಾಫ್ ಸಾಕ್ರಿ ಅಂದೆ. ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ ಅಂತ ಇನ್ನೆರಡು ಸಲ ಹಾಫ್, ಹಾಫ್ ಅಂದೆ. ಅವರು ಶ್ರದ್ಧೆಯಿಂದ ಅರ್ಧ ಸೌಟು ಹಾಕಿದರು, ಮತ್ತೆ ಅರ್ಧ ಹಾಕಿದರು, ಮತ್ತೆ ಅರ್ಧ ಹಾಕಿ ಕೈಮುಗಿದು ಮುಂದೆ ಹೋದರು. ಶಿರಾಕ್ಕೂ ಅದೇ ನಡೆಯಿತು.

ಪ್ರಸಾದ ಎಲೆಯಲ್ಲಿ ಬಿಡುವಂತಿಲ್ಲ. ಉಂಡೆ. ಓಡಿ ಬರುವಷ್ಟರಲ್ಲಿ ಗಾಡಿ ಹೊರಡುವ ಹೊತ್ತು ಮೀರಿತ್ತು. ಬಾಗಿಲಲ್ಲಿ ಒಬ್ಬ ಪ್ರವಾಸಿ ತಕ್ರಾರ ವಹಿ ಬಿಚ್ಚಿಕೊಂಡು, ಪೆನ್ನಿನ ಟೋಪಿ ಬಾಯಲ್ಲಿ ಕಚ್ಚಿ ನಿಂತಿದ್ದ. ಡ್ರೈವರು ನಡುವೆ ಬಂದು, ನಮ್ಮ ಕಂಡಕ್ಟರ್ ಪ್ರಸಾದದಲ್ಲಿ ಸಿಕ್ಕಿಕೊಂಡಿದ್ದರು ಅಂದ. ಪ್ರವಾಸಿಯ ಪೆನ್ನು ನಿಂತಿತು. ಏನಿತ್ತು ಅಂತ ಕೇಳಿದ. ತುಪ್ಪದ ಶಿರಾ ಅಂದೆ. ಐದೇ ಮಿನಿಟು ಅಂತ ವಹಿ ಸೀಟಿನ ಮೇಲಿಟ್ಟು ಹೋದವನಿಗಾಗಿ ನಾವೆಲ್ಲ ಇನ್ನೂ ಹೆಚ್ಚು ಹೊತ್ತು ಕಾಯಬೇಕಾಯಿತು. ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ನಿಧಾನ ಹತ್ತಿ ಬಂದ. ವಹಿಯ ಕಡೆ ನೋಡಲೂ ಇಲ್ಲ.

"ನಾನೂ ಹಾಫ್ ಅಂದಿದ್ದೆ ನೋಡ್ರಿ, ಕಂಡಕ್ಟರ್ ಸಾಹೇಬ್ರ," ಅಂದ.

ಆಯಿಯ ಫುಲ್

ಅಜ್ಜಿಯನ್ನು ನಾವು ಆಯಿ ಅಂತೀವಿ. ಸೋಲಾಪುರದಲ್ಲಿ ಕೌದಿ ಹೊಲಿದು ಬದುಕುವ ಒಬ್ಬ ಆಯಿ ಪ್ರತಿ ಹುಣ್ಣಿಮೆಗೆ ನನ್ನ ಗಾಡಿಗೇ ಅಕ್ಕಲಕೋಟೆಗೆ ಬರುತ್ತಿದ್ದಳು. ವಯಸ್ಸು ಎಪ್ಪತ್ತರ ಹತ್ತಿರ. ಸೊಸೆಯ ಹೆರಿಗೆ ಸುಸೂತ್ರ ಆದರೆ ನನ್ನ ಸ್ವಂತ ದುಡಿಮೆಯಲ್ಲಿ ಇಪ್ಪತ್ತೊಂದು ಹುಣ್ಣಿಮೆ ಬರ್ತೀನಿ ಅಂತ ಹರಕೆ ಹೊತ್ತಿದ್ದಳು. ಮೊಮ್ಮಗಳು ಗುಂಡುಗುಂಡಾಗಿ ಹುಟ್ಟಿದಳು, ಆಯಿ ಹೊರಟಳು.

ಮೊದಲ ಹುಣ್ಣಿಮೆಗೆ ನಾನು ಹಾಫ್ ಹರಿದೆ. ಆಯಿ ತಿಕೀಟು ಮುಟ್ಟಲಿಲ್ಲ. ಉಳಿದ ಅರ್ಧ ಯಾರು ಕೊಡ್ತಾರ ಅಂತ ಕೇಳಿದಳು. ಸರ್ಕಾರ ಅಂದೆ. ಹಂಗಾದ್ರ ನನಗ ಫುಲ್ ಕೊಡು ಎಪ್ಪಾ, ಇದು ಹರಕಿ ಅಂದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಭಕ್ತಿಯಿಂದ ಕೇಳುವವರಿಗೆ ಇಲ್ಲ ಅನ್ನಲು ನನಗೂ ಬಾಯಿ ಬರಲಿಲ್ಲ. ಫುಲ್ ಕೊಟ್ಟೆ. ಹಿಂಗೆ ಹದಿನೆಂಟು ಹುಣ್ಣಿಮೆ ನಡೆಯಿತು.

ಹತ್ತೊಂಬತ್ತನೆಯದು ಬಂದಾಗ ನನ್ನ ನೌಕರಿ ಮುಗಿಯಲು ಮೂರು ವಾರ ಉಳಿದಿತ್ತು. ಅವ್ವ ಆಗಲೇ ಹರಕೆಯ ಹೋಳಿಗೆಗೆ ಕಡಲೆಬೇಳೆ ಆರಿಸಿ ಇಟ್ಟಿದ್ದಳು. ಅವತ್ತು ದಾರಿಯಲ್ಲಿ ತಿಕೀಟು ತಪಾಸಣೆಯ ಹೊಸ ಚೆಕರು ಒಬ್ಬರು ಹತ್ತಿದರು. ಬೇರೆ ಜಿಲ್ಲೆಯವರು, ಮರಾಠಿ ಬಿಟ್ಟರೆ ಬೇರೆ ಮಾತು ಬಾರದು. ಒಬ್ಬೊಬ್ಬರ ತಿಕೀಟು ನೋಡುತ್ತ ಆಯಿಯ ಹತ್ತಿರ ಬಂದು ನಿಂತುಬಿಟ್ಟರು. ಫುಲ್ಲಿನವರು ಹಾಫ್ ಹಿಡಿದದ್ದನ್ನು ಅವರು ದಿನಾ ಹಿಡಿಯುತ್ತಿದ್ದರು. ಹಾಫಿನವರು ಫುಲ್ ಹಿಡಿದದ್ದು ಇದೇ ಮೊದಲಂತೆ. ಹೆಣ್ಣುಮಗಳಿಗೆ ಸವಲತ್ತು ಕೊಡದೆ ಪೂರಾ ತಗೊಂಡಿದ್ದೀರಿ, ಇದು ಸಣ್ಣ ತಪ್ಪಲ್ಲ ಅಂತ ರಿಪೋರ್ಟಿನ ಪುಸ್ತಕ ತೆಗೆದರು. ಆಯಿಯೇ ಕೇಳಿ ತಗೊಂಡಾಳ್ರಿ ಅಂದೆ. ಯಾರಾದರೂ ತಾವಾಗಿ ಹೆಚ್ಚು ಕೊಡ್ತಾರೇನು ಅಂದರು. ಬೇಕಾದ್ರ ಆಕಿನ್ನ ಕೇಳ್ರಿ ಅಂದೆ.

ಆಯಿಗೆ ಕನ್ನಡ ಬಿಟ್ಟರೆ ಮರಾಠಿ ಬಾರದು. ನಾನು ಮರಾಠಿಯಲ್ಲಿ ಹೇಳಲು ಹೋದರೆ ಚೆಕರು ಕೈ ಅಡ್ಡ ಮಾಡಿದರು. ಆರೋಪಿಯೇ ಸಾಕ್ಷಿಯ ಮಾತು ಹೇಳುವಂತಿಲ್ಲ. ಕಡೆಗೆ ಮುಂದಿನ ಸೀಟಿನ ಒಬ್ಬ ಕಾಲೇಜು ಹುಡುಗಿ ಎರಡೂ ಕಡೆಯ ಮಾತು ದಾಟಿಸಲು ಒಪ್ಪಿದಳು. ನನ್ನ ಮೂವತ್ತು ವರ್ಷದ ನೌಕರಿ ಆ ಹುಡುಗಿಯ ನಾಲಿಗೆಯ ಮೇಲೆ ನಿಂತಿತು. ನಾನು ಕಣ್ಣು ಮುಚ್ಚಿ ಜಪ ಹಿಡಿದೆ.

ಹಾಫ್ ಯಾಕೆ ಬೇಡ ಅಂದಿರಿ ಅಂತ ಚೆಕರು ಕೇಳಿಸಿದರು.

"ಹಾಫ್ ತಗೊಂಡ್ರ ಅರ್ಧ ಪುಣ್ಯ ಸರ್ಕಾರಕ್ಕ ಹೋಗತೈತಿ," ಅಂದಳು ಆಯಿ. "ನಮ್ಮ ಸೊಸಿ ಬ್ಯಾನಿ ತಿನ್ನುವಾಗ ಸರ್ಕಾರ ಹರಕಿ ಹೊತ್ತಿತ್ತೇನು?"

ಗಾಡಿಯೆಲ್ಲ ನಕ್ಕಿತು. ಚೆಕರು ನಗಲಿಲ್ಲ, ಆದರೆ ಬರೆಯುವುದನ್ನು ನಿಲ್ಲಿಸಿದರು. ಅವರ ಜೇಬಿನಲ್ಲೂ ಸ್ವಾಮಿಯ ಸಣ್ಣ ಫೋಟೋ ಇದ್ದದ್ದು ಆಗ ನನ್ನ ಕಣ್ಣಿಗೆ ಬಿತ್ತು. ಆಯಿಯ ಎದುರು ಕುಳಿತು, ಗುರುಗಳು ಶಿಷ್ಯರಿಗೆ ಹೇಳುವ ಹಾಗೆ ಸಮಾಧಾನದಿಂದ ಹೇಳಿದರು. ನೀವು ಗುಡಿಯಲ್ಲಿ ಇಡೀ ಕಾಯಿ ಕೊಡ್ತೀರಿ. ಪೂಜಾರಿ ಒಡೆದು ಅರ್ಧ ದೇವರಿಗೆ ಇಟ್ಟು ಅರ್ಧ ನಿಮಗೇ ತಿರುಗಿ ಕೊಡ್ತಾನೆ. ಅಷ್ಟಕ್ಕೆ ನಿಮ್ಮ ಪುಣ್ಯ ಅರ್ಧ ಆಯಿತೇನು? ಈ ಹಾಫ್ ಅಂದರೂ ಹಂಗೇ. ತಿರುಗಿ ಬಂದ ಅರ್ಧ ಕಾಯಿ, ಪ್ರಸಾದ ಅಂತ ತಿಳಿಯಿರಿ.

ಹುಡುಗಿ ಅಷ್ಟನ್ನೂ ಕನ್ನಡಕ್ಕೆ ತಂದಳು. ಆಯಿ ತಲೆದೂಗಿ, ಖರೇ ಹೇಳಿದಿ ಎಪ್ಪಾ, ನನಗ ತಿಳಿದಿರಲಿಲ್ಲ ಅಂದಳು. ಚೆಕರ ಮುಖ ಅರಳಿತು. ಇನ್ನು ಮುಂದೆ ಹಾಫ್ ತಗೊಳ್ಳಿರಿ ಅಂತ ಹೇಳಿ, ಕಂಡಕ್ಟರದೇನೂ ತಪ್ಪಿಲ್ಲ ಅಂತ ರಿಪೋರ್ಟಿನ ಪುಸ್ತಕ ಮಡಚಿ ಚೀಲದಲ್ಲಿಟ್ಟರು. ನನ್ನ ಕಣ್ಣಲ್ಲಿ ನೀರು ಬಂತು. ಸ್ವಾಮಿ ಯಾರ ಬಾಯಿಂದ ಮಾತಾಡುತ್ತಾನೋ ಯಾರು ಬಲ್ಲರು.

ಅಷ್ಟರಲ್ಲಿ ಆಯಿ ಸಂಚಿ ಬಿಚ್ಚಿದಳು. ಒಳಗಿಂದ ಕುಂಕುಮ ಹಚ್ಚಿ, ದಾರ ಸುತ್ತಿ ಇಟ್ಟ ತಿಕೀಟಿನ ಕಟ್ಟು ತೆಗೆದಳು. ದೇವರ ಮುಂದೆ ಇಟ್ಟು ಪೂಜೆ ಮಾಡಿ ಜೋಪಾನ ಮಾಡಿದ್ದಳಂತೆ. ಅವತ್ತಿನದನ್ನೂ ಅದರ ಮೇಲಿಟ್ಟು ಚೆಕರ ತೊಡೆಯ ಮೇಲೆ ಇಟ್ಟಳು.

"ಇವು ಹತ್ತೊಂಬತ್ತು ಕಾಯಿ ಅದಾವ. ನನ್ನ ಅರ್ಧಾ ಅರ್ಧಾ ಪ್ರಸಾದ ಕೊಟ್ಟಬಿಡು."

ಹುಡುಗಿ ಒಂದು ಅಕ್ಷರ ಬಿಡದೆ ಮರಾಠಿಗೆ ದಾಟಿಸಿದಳು. ಚೆಕರು ನನ್ನ ಮುಖ ನೋಡಿದರು, ನಾನು ಕಿಟಕಿಯಾಚೆ ಜೋಳದ ಹೊಲ ನೋಡಿದೆ. ಅವರು ತಾವೇ ಎದ್ದು ಬೆಲ್ಲಿನ ಹಗ್ಗ ಜಗ್ಗಿ, ಒಂದು ಬೇವಿನ ಮರ ಬಿಟ್ಟರೆ ಏನೂ ಇಲ್ಲದ ಕಡೆ ಲಗುಬಗೆಯಿಂದ ಇಳಿದು ಹೋದರು.

ಗಾಡಿ ಹೊರಟಿತು. ಆಯಿ ಕಟ್ಟನ್ನು ಸಂಚಿಗೆ ಹಾಕಿಕೊಂಡು ತಕ್ರಾರ ವಹಿ ಕೇಳಿದಳು. ನಾನು ವಹಿಯನ್ನು ಬೆನ್ನ ಹಿಂದೆ ಹಿಡಿದೆ. ನಿನ್ನ ಮ್ಯಾಲ ಅಲ್ಲ ಬಿಡೋ ಎಪ್ಪಾ ಅಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ವಹಿಯನ್ನು ನಗುತ್ತ ಕೊಟ್ಟೆ. ಆಯಿಗೆ ಬರೆಯಲು ಬಾರದು, ಹುಡುಗಿಯ ಕೈಗೆ ಕೊಟ್ಟಳು. ಯಾರ ಮ್ಯಾಲ ಅಂತ ಬರೀಲಿ ಆಯಿ, ಅಂತ ಹುಡುಗಿ ಪೆನ್ನು ತೆರೆದಳು.

ಆಯಿ ಸೆರಗು ಸರಿ ಮಾಡಿಕೊಂಡು ಹೇಳಿದಳು:

"ಕಾಯಿ ಒಡದು, ಪ್ರಸಾದ ಕೊಡದ ಇಳದ ಹೋದ ಪೂಜಾರಿ ಮ್ಯಾಲ ಅಂತ ಬರಿ."